ಎರಡನೇ ಪಟ್ಟಿ

ದೊಡ್ಡಪ್ಪ ಕಂಪ್ಯೂಟರಿಗೆ ಪಾಸ್‌ವರ್ಡ್ ಒತ್ತುವಾಗ ಆ ಕೋಣೆಯಲ್ಲಿ ಇದ್ದವರೆಲ್ಲ ಗೋಡೆಯ ಕಡೆ ತಿರುಗಬೇಕು. ಅದು ಆ ಶೂ ಕಾರ್ಯಾಗಾರದ ಕಾನೂನು. ಕಾಲು ತೋರಿಸಲು ಬಂದವರು ತಿರುಗಬೇಕು, ಚರ್ಮ ತಂದವನು ತಿರುಗಬೇಕು, ಒಂದು ಸಲ ಕರೆಂಟ್ ಮೀಟರ್ ಓದಲು ಬಂದವನೂ ಏಕೆ ಎಂದು ತಿಳಿಯದೆ ತಿರುಗಿ ನಿಂತಿದ್ದ. "ಒಂದ್ನಿಮಿಷ, ಆ ಕಡೆ" ಎಂದು ಬೆರಳು ಎತ್ತಿದರೆ ಮುಗಿಯಿತು, ಎದುರು ಮಾತಿಲ್ಲ. ದೊಡ್ಡಪ್ಪನ ತಮ್ಮನ ಮಗಳು ಪುಟ್ಟಿಯಂತೂ ಹನ್ನೊಂದು ವರ್ಷ ದಿನಕ್ಕೆ ಮೂರು ಮೂರು ಸಲ ತಿರುಗಿ, ಅವಳ ಹಣೆ ತಾಗಿ ತಾಗಿ ಗೋಡೆಯ ಬಣ್ಣ ಅಲ್ಲೊಂದು ಕಡೆ ಸವೆದೇ ಹೋಗಿತ್ತು.

ದೊಡ್ಡಪ್ಪ ಪುಟ್ಟಿಗಷ್ಟೇ ದೊಡ್ಡಪ್ಪನಲ್ಲ, ಬೀದಿಗೆಲ್ಲ ದೊಡ್ಡಪ್ಪ. ವಯಸ್ಸು ಎಪ್ಪತ್ತರ ಹತ್ತಿರ. ಅಂಗಡಿಯ ಶೂ ಯಾವುದೂ ಹಿಡಿಸದ ಕಾಲುಗಳಿಗೆ ಶೂ ಮಾಡಿಕೊಡುವುದು ಅವರ ಕಸುಬು. ಒಂದು ಗಿಡ್ಡ ಒಂದು ಉದ್ದ ಇರುವ ಕಾಲು, ಬೆರಳು ಮಡಚಿಕೊಂಡ ಕಾಲು, ಸಕ್ಕರೆ ಕಾಯಿಲೆಯಿಂದ ಸ್ಪರ್ಶವೇ ಸತ್ತ ಕಾಲು. ಪ್ರತಿಯೊಬ್ಬರಿಗೂ ಮೊದಲು ಅಚ್ಚು ಕೆತ್ತಬೇಕು. ಅಚ್ಚು ಎಂದರೆ ಮರದಲ್ಲಿ ಮಾಡಿದ ಆ ಮನುಷ್ಯನ ಪಾದವೇ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಜೋಡಿ ಜೋಡಿ ಮರದ ಪಾದಗಳು ಹೊರಡಲು ತಯಾರಾದ ಹಾಗೆ ನಿಂತಿದ್ದವು. ಮೂಲೆಯ ಮೇಜಿನ ಮೇಲೆ ಊಟದ ಡಬ್ಬಿಯಷ್ಟೇ ದೊಡ್ಡ ಕಂಪ್ಯೂಟರು, ಅದರ ಪಕ್ಕದಲ್ಲಿ ಕಾಲಿಟ್ಟರೆ ಅಳತೆ ತೆಗೆಯುವ ಗಾಜಿನ ಯಂತ್ರ. ಆರುನೂರ ನಲವತ್ತು ಜನರ ಕಾಲಿನ ಅಳತೆ ಆ ಡಬ್ಬಿಯೊಳಗಿತ್ತು.

ಕೈ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ತಲೆಯಲ್ಲಿ ಮಾತ್ರ ಸದಾ ಒಂದೇ ಹುಳ: ಯಾರೋ ಏನೋ ಎತ್ತಿಕೊಂಡು ಹೋಗುತ್ತಾರೆ! ಹೊಲಿಗೆಯವನಿಗೆ ನೂಲನ್ನು ಅಳೆದು ಕೊಟ್ಟರು, ಅವನು ಬಿಟ್ಟು ಹೋದ. ಅಡಿ ಅಂಟಿಸುವವಳ ಊಟದ ಡಬ್ಬಿ ಬಿಚ್ಚಿ ನೋಡಿದರು, ಅವಳು ಅದೇ ಡಬ್ಬಿಯನ್ನು ಅವರ ಮುಂದೆ ಕುಕ್ಕಿ ಹೋದಳು. ಯಾರು ಬಂದರು, ಎಲ್ಲಿ ನೋಡಿದರು, ಏನು ಮುಟ್ಟಿದರು ಎಂಬುದನ್ನೆಲ್ಲ ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದಕ್ಕೆ ಪುಟ್ಟಿ ಇಟ್ಟ ಹೆಸರು ಕಾವಲು ಪುಸ್ತಕ. ಕೊನೆಗೆ ಕಾರ್ಯಾಗಾರದಲ್ಲಿ ಉಳಿದವಳು ಅವಳೊಬ್ಬಳೇ.

ಪುಟ್ಟಿಗೆ ಈಗ ಮೂವತ್ತನಾಲ್ಕು. ಹುಟ್ಟುವಾಗಲೇ ಅವಳ ಎಡಗಾಲು ಒಂದು ಇಂಚು ಗಿಡ್ಡ. ಅವಳು ನಾಲ್ಕು ವರ್ಷದವಳಿದ್ದಾಗ ದೊಡ್ಡಪ್ಪ ಅವಳಿಗಾಗಿ ಕೆತ್ತಿದ್ದೇ ಅವರು ಕೆತ್ತಿದ ಮೊದಲ ಅಚ್ಚು. ಎತ್ತರದ ಅಡಿ ಇದ್ದ ಎಡ ಶೂ ಜಾರದಿರಲಿ ಎಂದು ಅದಕ್ಕೆ ಎರಡು ಪಟ್ಟಿ, ಬಲಗಾಲಿಗೆ ಒಂದೇ. ಶಾಲೆಯ ಮಕ್ಕಳು ಬಿಟ್ಟಾರೆಯೇ? "ಎರಡು ಪಟ್ಟಿ ಪುಟ್ಟಿ" ಎಂದು ಹಾಡು ಕಟ್ಟಿದ್ದರು. ಆ ಪುಟಾಣಿ ಎಡಗಾಲಿನ ಅಚ್ಚು ಈಗಲೂ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಕೂತಿತ್ತು.

ಒಂದು ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಸಂದೇಶ ಬಂತು. ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಎರಡು ತಿಂಗಳಲ್ಲಿ ಬೆಂಬಲ ನಿಲ್ಲುತ್ತದೆ, ಹೊಸದಕ್ಕೆ ಬದಲಾಯಿಸಿಕೊಳ್ಳಿ.

"ಇವನ್ಯಾರು ನಮಗೆ ಹೇಳೋಕೆ?" ಅಂದರು ದೊಡ್ಡಪ್ಪ. "ನಮ್ಮ ಹತ್ರ ಕಂಪ್ಯೂಟರ್ ಇದೆ ಅಂತ ಇವನಿಗೆ ಹೇಳಿದ್ಯಾರು?"

"ಕಂಪ್ಯೂಟರೇ ಹೇಳಿರತ್ತೆ, ದೊಡ್ಡಪ್ಪ."

"ನೋಡಿದ್ಯಾ! ಕರೆಂಟ್ ಕುಡಿಯೋದು ನಮ್ಮದು, ಚಾಡಿ ಹೇಳೋದು ಅವನ ಹತ್ರ."

ಪುಟ್ಟಿ ನಗು ತಡೆದುಕೊಂಡಳು. "ತಮಾಷೆ ಅಲ್ಲ. ಅಳತೆ ಯಂತ್ರದವರೂ ಬರೆದಿದ್ದಾರೆ, ಇನ್ಮೇಲೆ ಅವರ ಪ್ರೋಗ್ರಾಮ್ ಹೊಸ ಸಿಸ್ಟಮ್‌ನಲ್ಲೇ ನಡೆಯೋದಂತೆ. ಹಾಗೇ ಬಿಟ್ರೆ ಅಷ್ಟೂ ಜನರ ಅಳತೆ ಒಳಗೇ ಸಿಕ್ಕಾಕ್ಕೊಳತ್ತೆ. ಮೊದ್ಲು ಈ ಕಂಪ್ಯೂಟರ್ ಹೊಸದನ್ನ ತಡ್ಕೊಳತ್ತಾ ಇಲ್ವಾ ನೋಡ್ಬೇಕು. ಅದಕ್ಕೊಂದು ತಪಾಸಣೆ ಪ್ರೋಗ್ರಾಮ್ ಇದೆ. ಐದು ನಿಮಿಷದ ಕೆಲಸ, ನಾನೇ ಮಾಡ್ತೀನಿ."

ಆ "ನಾನೇ ಮಾಡ್ತೀನಿ" ಅನ್ನುವ ಮಾತು ದೊಡ್ಡಪ್ಪನ ಕಿವಿಯಲ್ಲಿ ಮುಳ್ಳಾಗಿ ಕೂತಿತು. ಇವಳಿಗೇಕೆ ಇಷ್ಟು ಆತುರ?

ಅದಕ್ಕೆ ಕಾರಣವಿತ್ತು. ಮೂರು ದಿನದ ಹಿಂದೆ ಪುಟ್ಟಿ ಕೈ ತೊಳೆಯಲು ಹೋದಾಗ ಅವಳ ಚೀಲ ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿತ್ತು. ದೊಡ್ಡಪ್ಪ ಇಣುಕಿದರು. ದೊಡ್ಡ ಆಸ್ಪತ್ರೆಯ ಹೆಸರು ಅಚ್ಚಾದ ಲಕೋಟೆ. ಅಲ್ಲಿ ಕಾಲಿನ ವಿಭಾಗ ತೆರೆಯುತ್ತಾರೆ, ಶೂ ಮಾಡುವವರನ್ನು ಕೆಲಸಕ್ಕೆ ಕರೆಯುತ್ತಿದ್ದಾರೆ ಎಂದು ಬೀದಿಗೆಲ್ಲ ಗೊತ್ತಿತ್ತು. ಪುಟ್ಟಿ ಹೋದರೆ ಕಾರ್ಯಾಗಾರಕ್ಕೆ ಬೀಗವೇ. ಬೀಗ ಹಾಳಾಗಲಿ, ಆ ಮುದುಕನಿಗೆ ಪುಟ್ಟಿ ಎಂದರೆ ಪ್ರಾಣ, ಅವಳಿಲ್ಲದೆ ಒಂದು ದಿನವೂ ಬೆಳಗಾಗುವುದಿಲ್ಲ. ನೇರವಾಗಿ ಕೇಳಿದ್ದರೆ ಅವಳು ಹೇಳುತ್ತಿದ್ದಳು. ಕೇಳಲಿಲ್ಲ ಮಹಾರಾಯರು, ಕಾವಲು ಪುಸ್ತಕದಲ್ಲಿ ಬರೆದುಕೊಂಡರು.

"ನೀನು ಮಾಡೋದು ಬೇಡ," ಅಂದರು. "ರಿಪೇರಿಯವರನ್ನ ಕರೆಸ್ತೀನಿ. ನೀನೂ ಇರು." ಇಬ್ಬರಿದ್ದರೆ ಒಬ್ಬರ ಮೇಲೊಬ್ಬರು ಕಣ್ಣಿಡುತ್ತಾರೆ ಎನ್ನುವುದು ಅವರ ಉಪಾಯ.

ಬುಧವಾರ ಹನ್ನೊಂದು ಗಂಟೆಗೆ ರಿಪೇರಿಯವರು ಬಂದರು. ನಡುವಯಸ್ಸಿನ ಸ್ಥೂಲ ಮನುಷ್ಯ, ಹಣೆಗೆ ಕಟ್ಟಿಕೊಂಡ ಪುಟ್ಟ ಟಾರ್ಚು, ಬಾಯಲ್ಲಿ ಒಂದು ಲವಂಗ. ದೊಡ್ಡಪ್ಪ ಅವರ ಚೀಲದಲ್ಲಿದ್ದ ಸಾಮಾನನ್ನು ಮೇಜಿನ ಮೇಲೆ ಇಡಿಸಿ, ಬರೆದುಕೊಂಡು, ಆಮೇಲೆ ಕುರ್ಚಿ ತೋರಿಸಿದರು. ಕಂಪ್ಯೂಟರಿನ ಮುಚ್ಚಳಕ್ಕೆ ನಾಲ್ಕೂ ಕಡೆ ಕಾಗದ ಅಂಟಿಸಿ ಅದರ ಮೇಲೆ ದೊಡ್ಡಪ್ಪ ಸಹಿ ಹಾಕಿಟ್ಟಿದ್ದರು.

"ಒಂದ್ನಿಮಿಷ, ಆ ಕಡೆ."

ಪುಟ್ಟಿ ಗೋಡೆಗೆ ತಿರುಗಿದಳು. ರಿಪೇರಿಯವರು ಅವಳನ್ನು ನೋಡಿ, ಬಾಯಲ್ಲಿದ್ದ ಲವಂಗವನ್ನು ಆ ದವಡೆಯಿಂದ ಈ ದವಡೆಗೆ ತಳ್ಳಿ, ತಾವೂ ತಿರುಗಿದರು. ದೊಡ್ಡಪ್ಪ ಕೀಲಿಮಣೆಗೆ ಎಡಗೈಯನ್ನು ಅಡ್ಡ ಹಿಡಿದು, ಒಂದೊಂದೇ ಅಕ್ಷರ ಹುಡುಕಿ, ಬಾಯಲ್ಲಿ ಏನೋ ಗೊಣಗುತ್ತ ಒತ್ತಿದರು.

ತಪಾಸಣೆ ಶುರುವಾಯಿತು. ಪ್ರೊಸೆಸರ್, ಹಸಿರು. ಡಿಸ್ಕಿನಲ್ಲಿ ಜಾಗ, ಹಸಿರು. ಭದ್ರತೆಯ ಚಿಪ್, ಅದೂ ಹಸಿರು. ಪ್ರತಿ ಹಸಿರಿಗೂ ಪುಟ್ಟಿಯ ಮುಖ ಅರಳುತ್ತಿತ್ತು, ಅದು ಅರಳಿದಷ್ಟೂ ದೊಡ್ಡಪ್ಪನ ಹುಬ್ಬು ಗಂಟಿಕ್ಕುತ್ತಿತ್ತು. ನಾಲ್ಕನೆಯದು ಮೆಮೊರಿ. ಕೆಂಪು. ಕೆಳಗೆ ದಪ್ಪ ಅಕ್ಷರದಲ್ಲಿ: ಈ ಕಂಪ್ಯೂಟರ್ ಹೊಸ ಆವೃತ್ತಿಗೆ ಅರ್ಹವಲ್ಲ.

"ಎಂಟು ಜಿಬಿ ಬೇಕು, ಇರೋದು ನಾಲ್ಕೇ," ಅಂದರು ರಿಪೇರಿಯವರು.

"ನಾಲ್ಕಾ?" ದೊಡ್ಡಪ್ಪ ಎದ್ದು, ಬೀರುವಿನಿಂದ ಒಂದು ಕವರ್ ತೆಗೆದು, ಕೊಂಡಾಗಿನ ರಸೀದಿಯನ್ನು ಮೇಜಿನ ಮೇಲೆ ಹರಡಿದರು. "ಓದಿ. ನಾಲ್ಕರ ಎರಡು. ಒಟ್ಟು ಎಂಟು. ನನ್ನ ಇನ್ನೊಂದು ನಾಲ್ಕು ಎಲ್ಲಿ?"

ರಿಪೇರಿಯವರು ಎಲ್ಲರ ಕಣ್ಣೆದುರಿಗೇ ಅಂಟಿಸಿದ ಕಾಗದ ಕತ್ತರಿಸಿ ಮುಚ್ಚಳ ತೆಗೆದು ಟಾರ್ಚು ಬಿಟ್ಟರು. ಒಳಗೆ ಮೆಮೊರಿ ಕೂರಿಸಲು ಎರಡು ಸೀಳು. ಒಂದರಲ್ಲಿ ಬೆರಳುದ್ದದ ಹಸಿರು ತಗಡಿನಂಥದ್ದು ಕೂತಿತ್ತು. ಇನ್ನೊಂದು ಖಾಲಿ.

"ಇದು ನಿನ್ನೆ ಮೊನ್ನೆ ತೆಗೆದಿದ್ದಲ್ಲ, ಯಜಮಾನ್ರೇ. ಧೂಳು ನೋಡಿ, ಕಂಬಳಿ ಹೊದ್ದ ಹಾಗಿದೆ. ಎಷ್ಟೋ ವರ್ಷ ಆಗಿದೆ. ಮೇಲಿನ ಸಹಿ ಬೇರೆ ನಿಮ್ಮದೇ."

"ಸಹಿ ಯಾರು ಬೇಕಾದ್ರೂ ಹಾಕ್ತಾರೆ. ದಿನಾ ನೋಡ್ತಿರೋರಿಗೆ ಅದೇನು ಕಷ್ಟ?"

ದಿನಾ ನೋಡುವವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಪುಟ್ಟಿ ನಿಧಾನವಾಗಿ ತಲೆ ಎತ್ತಿದಳು.

"ಏನ್ ಹೇಳ್ತಾ ಇದ್ದೀರಿ, ದೊಡ್ಡಪ್ಪ?"

"ನಾನೇನ್ ಹೇಳ್ಲಿ? ಕಂಪ್ಯೂಟರ್ ಕೆಲಸಕ್ಕೆ ಬರಲ್ಲ ಅಂತಾದ್ರೆ ಕಾರ್ಯಾಗಾರ ನಿಲ್ಲತ್ತೆ. ನಿಂತ್ರೆ ಆಸ್ಪತ್ರೆಗೆ ಹೋಗೋಕೆ ಒಂದು ನೆಪ ಸಿಗತ್ತೆ. ಯಾರಿಗೆ ಬೇಕಿತ್ತೋ ಅವರು ತೆಗೆದಿದ್ದಾರೆ. ವರ್ಷಗಟ್ಟಲೆ ಹೊಂಚು ಹಾಕಿದ್ದಾರೆ. ನಾನು ಕುರುಡ ಅಂದ್ಕೊಂಡ್ಯಾ?"

"ನನ್ನ ಚೀಲ ನೋಡಿದ್ರಾ?"

ದೊಡ್ಡಪ್ಪ ರಸೀದಿ ಮಡಚತೊಡಗಿದರು. ರಿಪೇರಿಯವರು ಹಣೆಯ ಟಾರ್ಚನ್ನು ಆರಿಸಿಕೊಂಡರು, ಪಾಪ, ಎಲ್ಲಿ ನೋಡುವುದೆಂದೇ ಅವರಿಗೆ ತಿಳಿಯಲಿಲ್ಲ. ಪುಟ್ಟಿ ಚರ್ಮದ ಏಪ್ರನ್ ಬಿಚ್ಚಿ ಮಡಚಿದಳು. ಗೊಂಚಲಿನಿಂದ ಬಾಗಿಲ ಕೀಲಿಯನ್ನು ಬಿಡಿಸಿ ಮೇಜಿನ ಮೇಲಿಟ್ಟಳು.

"ಹೊರಗಿನವರ ಎದುರಿಗೆ ಕಳ್ಳಿ ಅಂದ್ರಿ. ಸರಿ."

ಅವಳ ಶೂಗಳ ಸದ್ದು, ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ, ಬೀದಿಯ ತುದಿಯ ತನಕ ಕೇಳಿಸಿತು. ರಿಪೇರಿಯವರು ಸಾಮಾನು ಚೀಲಕ್ಕೆ ಹಾಕಿಕೊಳ್ಳುತ್ತ, "ಅಂಥದ್ದು ಇನ್ನೊಂದು ತಂದು ಹಾಕಿದ್ರೆ ಮುಗೀತಿತ್ತಲ್ರೀ. ಅಷ್ಟಕ್ಕೆ ಆ ಹುಡುಗಿನ..." ಎಂದು ಶುರು ಮಾಡಿದವರು, ದೊಡ್ಡಪ್ಪ ಸಾಮಾನಿನ ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸುವುದನ್ನು ಕಂಡು, ಬಾಯಿ ಮುಚ್ಚಿಕೊಂಡು ಹೋದರು.

ಗುರುವಾರ ದೊಡ್ಡಪ್ಪ ಒಬ್ಬರೇ ಬಾಗಿಲು ತೆಗೆದರು. ಮೊದಲೇ ದಿನ ಗೊತ್ತು ಮಾಡಿಕೊಂಡಿದ್ದ ಒಬ್ಬ ಮುದುಕಿ ಕಾಲು ತೋರಿಸಲು ಬಂದಳು. ಅವಳ ಅಚ್ಚು ಯಾವ ಹಲಗೆಯಲ್ಲಿದೆ ಎಂದು ದೊಡ್ಡಪ್ಪನಿಗೆ ಸಿಗಲಿಲ್ಲ. ಅದೆಲ್ಲ ಪುಟ್ಟಿಗೆ ಗೊತ್ತಿದ್ದದ್ದು. "ಆ ಹುಡುಗಿ ಎಲ್ಲಿ?" ಅಂದಳು ಮುದುಕಿ. "ರಜ," ಅಂದರು.

ಆದರೂ ಹುಳ ಸುಮ್ಮನಿರಬೇಕಲ್ಲ! ಮುದುಕಿ ಹೋದ ಮೇಲೆ ಕಾವಲು ಪುಸ್ತಕ ತೆಗೆದು ಕೂತರು. ಪುಟ್ಟಿ ಆ ಇನ್ನೊಂದು ಮೆಮೊರಿಯನ್ನು ಯಾವಾಗ ತೆಗೆದಳು, ಸಾಕ್ಷಿ ಸಿಗಲೇಬೇಕು. ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋದರು.

"ಚರ್ಮದವನು ಕಿಟಕಿಯನ್ನು ಮೂರು ಸಲ ನೋಡಿದ."

"ಮೀಟರಿನವನ ಚೀಲ ಬರುವಾಗ ತೆಳ್ಳಗೆ, ಹೋಗುವಾಗ ದಪ್ಪ."

"ಪುಟ್ಟಿ ನಕ್ಕಳು. ಯಾಕೆ?"

ಓದುತ್ತ ಓದುತ್ತ ಅವರಿಗೇ ನಾಚಿಕೆಯಾಯಿತು. ಹಾಗೆಂದು ಬಿಡಲಿಲ್ಲ. ಏಳು ವರ್ಷದ ಹಿಂದಿನ ಪುಟದಲ್ಲಿ ಒಂದೇ ಸಾಲು: "ಎರಡನೇ ಪಟ್ಟಿ ಪುಟ್ಟಿಯ ಎಡಗಾಲಿನಲ್ಲಿ ಭದ್ರ." ಶೂ ಪಟ್ಟಿ ಎಂದುಕೊಂಡು ಪುಟ ಮಗುಚಿದರು. ಆಗಷ್ಟೇ ಓದಿ ಬಂದ ಮರುಪುಟದಲ್ಲಿ ಕಣ್ಣಿನ ಆಪರೇಷನ್, ಅದಾದ ಮೇಲೆ ಹದಿನೈದು ದಿನ ಕಣ್ಣಿಗೆ ಪಟ್ಟಿ, ಅಷ್ಟು ದಿನದ ಪುಟಗಳೆಲ್ಲ ಖಾಲಿ.

ಪುಟ ಮಗುಚಿದ ಕೈ ಅಲ್ಲೇ ನಿಂತಿತು. ಏಳು ವರ್ಷದ ಹಿಂದೆ ಪುಟ್ಟಿಗೆ ಇಪ್ಪತ್ತೇಳು. ಪಟ್ಟಿಯ ಶೂ ಅವಳು ಹಾಕಿದ್ದು ಹತ್ತು ವರ್ಷದವಳಾಗುವ ತನಕ. ಆಮೇಲೆಲ್ಲ ಲೇಸಿನದ್ದೇ. ಮತ್ತೆ ಇದ್ಯಾವ ಪಟ್ಟಿ?

ಬೆರಳುದ್ದದ್ದು. ಹಸಿರು.

ಅಯ್ಯೋ ದೇವರೇ, ಅಂದರು ದೊಡ್ಡಪ್ಪ, ಗಟ್ಟಿಯಾಗಿಯೇ. ಈಗ ಎಲ್ಲ ನೆನಪಾಯಿತು. ಆಗ ಕಂಪ್ಯೂಟರಿನ ಫ್ಯಾನ್ ಕೆಟ್ಟಿತ್ತು. ಮರುದಿನ ರಿಪೇರಿಗೆ ಬೇರೊಬ್ಬ ಬರುವವನಿದ್ದ. ರಿಪೇರಿಯವರು ಒಳಗಿನ ಮೆಮೊರಿ ಪಟ್ಟಿಗಳನ್ನು ಕದಿಯುತ್ತಾರೆಂದು ಯಾರೋ ಕಿವಿಯಲ್ಲಿ ಊದಿದ್ದರು. ಎರಡನ್ನೂ ತೆಗೆದರೆ ಕಂಪ್ಯೂಟರ್ ಏಳುವುದಿಲ್ಲ, ಒಂದನ್ನಾದರೂ ಉಳಿಸಿಕೊಳ್ಳೋಣವೆಂದು ಎರಡನೆಯದನ್ನು ಕಿತ್ತು ಬಚ್ಚಿಟ್ಟು ಮುಚ್ಚಳಕ್ಕೆ ಸಹಿ ಹಾಕಿದ್ದರು. ಫ್ಯಾನಿನವನು ತನ್ನ ಕೆಲಸ ಮುಗಿಸಿ ಹೋದ, ಅವನು ಹೋದ ಮೇಲೆ ಹೊಸ ಕಾಗದ ಅಂಟಿಸಿ ಮತ್ತೆ ಸಹಿ. ಆಮೇಲೆ ಆಪರೇಷನ್, ಕಣ್ಣಿಗೆ ಕತ್ತಲೆ, ಕಂಪ್ಯೂಟರಿನ ಅರ್ಧ ನೆನಪಿನ ಜೊತೆಗೆ ಅವರ ನೆನಪೂ ಹೋಗಿತ್ತು. ಕಂಪ್ಯೂಟರ್ ನಿಧಾನವಾಯಿತೆಂದು ಏಳು ವರ್ಷ ಆ ಫ್ಯಾನಿನವನಿಗೆ ಹಿಡಿ ಶಾಪ ಹಾಕಿದ್ದೇ ಹಾಕಿದ್ದು!

ಏಣಿ ಹಾಕಿ ಹತ್ತಿ, ಮೇಲಿನ ಹಲಗೆಯಿಂದ ಪುಟಾಣಿ ಅಚ್ಚನ್ನು ಇಳಿಸಿದರು. ಹಿಮ್ಮಡಿಯ ತೂತಿಗೆ ಹಾಕಿದ್ದ ಬಿರಡೆ ಕಿತ್ತು ಕೈಮೇಲೆ ಬಡಿದರು. ಮೆತ್ತನೆ ಚರ್ಮದ ತುಂಡಿನಲ್ಲಿ ಸುತ್ತಿದ ಹಸಿರು ಪಟ್ಟಿ ಅಂಗೈಗೆ ಬಿತ್ತು. ಇಡೀ ಕಾರ್ಯಾಗಾರದಲ್ಲಿ ಅವರು ಸತ್ತರೂ ಎಸೆಯದ, ಯಾರಿಗೂ ಮುಟ್ಟಗೊಡದ ವಸ್ತು ಅದೊಂದೇ ಎಂದು ಅಲ್ಲಿ ಇಟ್ಟಿದ್ದರು. ನಂಬಿಕೆಯಿಂದ ಇಡಲು ಸಿಕ್ಕಿದ ಜಾಗ ಪುಟ್ಟಿಯ ಕಾಲು, ಕಳ್ಳಿ ಎನ್ನಲು ಸಿಕ್ಕಿದವಳೂ ಪುಟ್ಟಿ. ದೊಡ್ಡಪ್ಪ ಏಣಿಯ ಕೆಳಮೆಟ್ಟಿಲಲ್ಲಿ ಕೂತು ಅತ್ತರು.

ಪುಟ್ಟಿಯ ಮನೆ ಎರಡು ಬೀದಿ ಆಚೆ, ಮೂರನೇ ಮಹಡಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತ ದೊಡ್ಡಪ್ಪನನ್ನು ಅವಳು ಒಳಗೆ ಬನ್ನಿ ಅನ್ನಲಿಲ್ಲ. ಅವರು ಬಟ್ಟೆ ಚೀಲದಿಂದ ಅಚ್ಚು ತೆಗೆದು, ಅದರ ಪಕ್ಕದಲ್ಲಿ ಪಟ್ಟಿ ಹಿಡಿದು, ಪುಸ್ತಕದ ಆ ಪುಟ ತೋರಿಸಿದರು. ಪುಟ್ಟಿ ಓದಿದಳು. ತುಟಿಯ ತುದಿ ಒಂದು ಕ್ಷಣ ನಗುವಿನ ಕಡೆ ಹೋಗಿ ಹಿಂದೆ ಬಂತು.

"ನನ್ನ ಕಾಲಲ್ಲೇ ಇತ್ತು ಅನ್ನಿ."

"ತಪ್ಪಾಯ್ತಮ್ಮ. ಹೊಟ್ಟೆಗೆ ಹಾಕ್ಕೋ."

"ಆ ರಿಪೇರಿಯವರ ಎದುರಿಗೆ ಅಂದ್ರಿ. ಅವರ ಎದುರಿಗೇ ಹೇಳಿ."

ಶುಕ್ರವಾರ ಬೆಳಿಗ್ಗೆ ರಿಪೇರಿಯವರು ಮತ್ತೆ ಬಂದರು, ಈ ಸಲ ಸಾಮಾನನ್ನು ತಾವೇ ಮೇಜಿನ ಮೇಲೆ ಹರಡಲು ಹೊರಟರು. ದೊಡ್ಡಪ್ಪ ಅವರ ಕೈ ಹಿಡಿದು ತಡೆದರು. "ಕದ್ದಿದ್ದು ನಾನೇ," ಅಂದರು. "ನನ್ನ ಸಾಮಾನು ನಾನೇ ಕದ್ದು, ಈ ಮಗು ಮೇಲೆ ಹಾಕ್ದೆ. ನಿಮ್ಮೆದುರಿಗೆ ಹೇಳ್ತಾ ಇದ್ದೀನಿ." ರಿಪೇರಿಯವರು ಲವಂಗ ಅಗಿಯುವುದನ್ನೇ ನಿಲ್ಲಿಸಿ ಕೇಳಿದರು. ಆಮೇಲೆ ಸೀಳಿನ ಧೂಳು ಊದಿ, ಪಟ್ಟಿಯನ್ನು ಕೂರಿಸಿ, ಟಕ್ಕೆಂದು ಒತ್ತಿದರು.

ತಪಾಸಣೆ ಮತ್ತೆ ಓಡಿತು. ಹಸಿರು, ಹಸಿರು, ಹಸಿರು, ಹಸಿರು. ಈ ಕಂಪ್ಯೂಟರ್ ಹೊಸ ಆವೃತ್ತಿಗೆ ಅರ್ಹವಾಗಿದೆ. ರಿಪೇರಿಯವರು ಇಬ್ಬರ ಬೆನ್ನನ್ನೂ ತಟ್ಟಿ ಹೋದರು.

ಬದಲಾವಣೆ ಶುರು ಮಾಡಲು ಪಾಸ್‌ವರ್ಡ್ ಕೇಳಿತು. ಪುಟ್ಟಿ ಅಭ್ಯಾಸಬಲದಿಂದ ಗೋಡೆಗೆ ತಿರುಗಿದಳು.

"ತಿರುಗ್ಬೇಡ," ಅಂದರು ದೊಡ್ಡಪ್ಪ. "ಬಾ ಇಲ್ಲಿ. ಹೇಳ್ತೀನಿ, ನೀನೇ ಒತ್ತು."

ಪುಟ್ಟಿ ಬಂದು ಕೂತಳು. ಅವರು ಬಾಯಿ ತೆರೆಯುವ ಮೊದಲೇ ಟಕಟಕ ಒತ್ತಿದಳು. ಪರದೆ ಒಪ್ಪಿಕೊಂಡಿತು.

"ಎಂ, ಒ, ಎಲ್, ಇ, ಒಂದು, ಎರಡು, ಮೂರು," ಅಂದಳು. "ಮೊಳೆ ಒಂದು ಎರಡು ಮೂರು. ಹನ್ನೊಂದು ವರ್ಷದಿಂದ ಗೊತ್ತು, ದೊಡ್ಡಪ್ಪ. ನೀವು ಒಂದೊಂದು ಅಕ್ಷರನೂ ಬಾಯಲ್ಲಿ ಹೇಳ್ಕೊಂಡೇ ಒತ್ತುತ್ತೀರಿ. ಮೀಟರಿನವನಿಗೂ ಗೊತ್ತಿರತ್ತೆ."

ದೊಡ್ಡಪ್ಪ ಕೀಲಿಮಣೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಮತ್ತೆ ದಿನಾ ಯಾಕೆ ತಿರುಗ್ತಿದ್ದೆ?"

"ತಿರುಗು ಅಂದ್ರಿ, ತಿರುಗ್ದೆ."

ಪರದೆಯ ಮೇಲೆ ಶೇಕಡಾ ಒಂದು, ಎರಡು ಎಂದು ಏರತೊಡಗಿತು. ಮಧ್ಯಾಹ್ನದ ತನಕ ಇಬ್ಬರೂ ಕೆಲಸ ಮಾಡಿದರು, ಅವಳು ಅಡಿ ಕತ್ತರಿಸಿದಳು, ಅವರು ಒಂದು ಹಿಮ್ಮಡಿ ಕೆತ್ತಿದರು. ಮುದುಕಿಯ ಅಚ್ಚು ಕಿಟಕಿಯ ಬಳಿಯ ಹಲಗೆಯಲ್ಲೇ ಇತ್ತು. ಎಲ್ಲ ಮೊದಲಿನ ಹಾಗೆ ಆಯಿತೆಂದು ಧೈರ್ಯ ಬಂದು ದೊಡ್ಡಪ್ಪ ಕೇಳಿದರು: "ಹಾಗಾದ್ರೆ ಆಸ್ಪತ್ರೆಗೆ ಹೋಗಲ್ಲ, ಅಲ್ವಾ?"

ಪುಟ್ಟಿ ಕತ್ತರಿ ಕೆಳಗಿಟ್ಟಳು.

"ಬರಲ್ಲ ಅಂತ ಬರೆದು, ಅವರೇ ಕಳಿಸಿದ್ದ ಲಕೋಟೇಲಿ ಹಾಕಿ ಚೀಲದಲ್ಲಿ ಇಟ್ಕೊಂಡಿದ್ದೆ. ಬುಧವಾರ ಹಾಕೋಣ ಅಂತ. ಲಕೋಟೆ ನೋಡಿದೋರು ಒಳಗಿನ ಕಾಗದನೂ ಓದ್ಬೇಕಿತ್ತು. ಬುಧವಾರ ಮನೆಗೆ ಹೋಗಿ ಅದನ್ನ ಹರಿದು, ಬರ್ತೀನಿ ಅಂತ ಬರೆದು ಹಾಕ್ದೆ. ಒಂದನೇ ತಾರೀಖಿಂದ."

"ವಾಪಸ್ ತಗೊಳ್ಳೋಕೆ ಆಗಲ್ವಾ?"

"ಆಗತ್ತೋ ಏನೋ. ನನಗೆ ಮನಸ್ಸಿಲ್ಲ." ಸಿಟ್ಟಿನಿಂದ ಹೇಳಲಿಲ್ಲ, ಅದೇ ದೊಡ್ಡಪ್ಪನನ್ನು ಹೆಚ್ಚು ನೋಯಿಸಿದ್ದು. "ಭಾನುವಾರ ಬರ್ತೀನಿ. ಹೊಸ ಸಿಸ್ಟಮ್ ನಿಮಗೆ ಪೂರ್ತಿ ಕಲಿಸ್ಕೊಡ್ತೀನಿ. ಆದ್ರೆ ಇಲ್ಲಿ ಇರಲ್ಲ."

ಹೋಗುತ್ತಾಳೆ, ಹೋಗುತ್ತಾಳೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರು ತಾವೇ ಬಾಗಿಲು ತೆಗೆದು ಕಳಿಸಿದ ಹಾಗಾಗಿತ್ತು. ಯಾರನ್ನು ಬೈಯುವುದು? ಪುಸ್ತಕದಲ್ಲಿ ಬರೆದುಕೊಳ್ಳಲೂ ಬೇರೆ ಹೆಸರಿರಲಿಲ್ಲ.

ಮೂರು ಗಂಟೆಗೆ ಕೆಲಸ ಮುಗಿದು ಪರದೆ ಹೊಸ ಬಣ್ಣದಲ್ಲಿ ತೆರೆದುಕೊಂಡಿತು. ಅಷ್ಟೂ ಜನರ ಅಳತೆ ಕ್ಷೇಮವಾಗಿತ್ತು. ಹಳೆಯ ಪಾಸ್‌ವರ್ಡ್ ತೀರ ಚಿಕ್ಕದು, ಹೊಸದು ಇಡಿ ಎಂದು ಕೇಳಿತು.

"ಇಡಿ, ದೊಡ್ಡಪ್ಪ."

"ನೀನೇ ಇಡು," ಅಂದರು. ಎದ್ದರು. ಯಾರೂ ಬೆರಳು ತೋರಿಸದಿದ್ದರೂ ನಡೆದು ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಬಣ್ಣ ಸವೆದ ಜಾಗ ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅಂಗೈಯಿಂದ ಅದನ್ನು ಮುಟ್ಟಿದರು, ನುಣ್ಣಗಿತ್ತು.

ಹಿಂದೆ ಕೀಲಿಮಣೆಯ ಸದ್ದು ಶುರುವಾಯಿತು. ಪುಟ್ಟಿ ಒಂದೊಂದೇ ಅಕ್ಷರವನ್ನು, ಅವರಿಗೆ ಕೇಳಲಿ ಎಂದು, ಬಾಯಲ್ಲಿ ಹೇಳುತ್ತ ಒತ್ತುತ್ತಿದ್ದಳು.

"ಇ... ಆರ್... ಎ... ಡಿ... ಯು..."

ದೊಡ್ಡಪ್ಪನ ಹೆಗಲು ಅಲುಗಿತು.

"ಪಿ... ಎ... ಟಿ..."

"ಇನ್ನೊಂದು ಟಿ," ಅಂದರು ದೊಡ್ಡಪ್ಪ, ಗೋಡೆಗೆ.

"ಗೊತ್ತು," ಅಂದಳು ಪುಟ್ಟಿ.